ಅವ್ವನಿಗೆ ಒಪ್ಪಿಸಿದ ಪಾಠ

ಇವತ್ತು ಮಚ್ಛೆಯ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಜೊತೆಗಾರನೊಬ್ಬ ಫೋನಿನಲ್ಲೇ ಮಗಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ನಾನು ತುತ್ತು ಹಿಡಿದು ಕೇಳುತ್ತ ಕುಳಿತೆ.

ಅನಗೋಳದ ನಮ್ಮ ಮನೆಯಲ್ಲಿ ಅವ್ವನೂ ಹೀಗೇ ಒಪ್ಪಿಸಿಕೊಳ್ಳುತ್ತಿದ್ದಳು. ಖಾನಾಪುರದಲ್ಲಿ ಮರಾಠಿ ಶಾಲೆ ಕಲಿತವಳು. ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆದರೂ ರೊಟ್ಟಿ ಬಡಿದ ಕೈ ಒರೆಸಿಕೊಂಡು, ನನ್ನ ವಿಜ್ಞಾನದ ಪುಸ್ತಕ ತೊಡೆಯ ಮೇಲಿಟ್ಟು, ಸಾಲುಗಳ ಮೇಲೆ ಬೆರಳು ಸರಿಸುತ್ತಿದ್ದಳು. ಅವಳಿಗೆ ಓದಲು ಬಾರದೆಂದು ಗೊತ್ತಿದ್ದೇ ನಾನು ಒಮ್ಮೆ ವಾರವಿಡೀ ಹೃದಯದ ಪಾಠವೊಂದನ್ನೇ ಒಪ್ಪಿಸಿದೆ.

ಶನಿವಾರ ಅವ್ವ ಪುಸ್ತಕ ಮುಚ್ಚಿದಳು. "ಸೋಮವಾರದಿಂದ ಅದ ಹೃದಯ ಬಡ್ಕೊಳ್ಳಾಕತ್ತೈತಲ್ಲೋ. ನನಗ ಓದಾಕ ಬರೂದಿಲ್ಲ, ಕೇಳಾಕ ಬರ್ತೈತಿ."

ಅವ್ವ ಪುಸ್ತಕವನ್ನು ನನ್ನ ಕೈಗಿಟ್ಟಳು.

"ನಾಳಿಂದ ನಾ ಕುಂದರೂದಿಲ್ಲ. ದೊಡ್ಡಾಂವ ಆಗೀದಿ, ನಿನ್ನ ಅಭ್ಯಾಸ ನೀನ ಮಾಡ್ಕೊ."

ನಿಜ ಹೇಳಬೇಕೆಂದರೆ ಅಂದು ನನಗೆ ಖುಷಿಯಾಗಿತ್ತು.

ಆಮೇಲೆ ನಾನು ಪುಸ್ತಕ ಬಿಚ್ಚಲಿಲ್ಲ. ಆ ವರ್ಷ ಹತ್ತನೇ ಪರೀಕ್ಷೆಯಲ್ಲಿ ಫೇಲಾದೆ, ಮತ್ತೆ ಶಾಲೆಗೆ ಹೋಗಲಿಲ್ಲ. "ಕನ್ನಡ ಓದಾಕ ಬಾರದ ತಾಯಿ ಏನ ಅಭ್ಯಾಸ ಮಾಡಿಸ್ಯಾಳ?" ಎಂದು ಸೋದರತ್ತೆ ಎಲ್ಲರೆದುರು ಅಂದಳು. ಅವ್ವ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ.

ಅಂದು ಹೇಳದ್ದನ್ನು ಈಗ ಬರೆದಿದ್ದೇನೆ. ಅವ್ವ ಇದನ್ನೂ ಓದಲಾರಳು. ಸಂಜೆ ಮನೆಗೆ ಹೋಗಿ, ಸೋದರತ್ತೆಯನ್ನೂ ಕರೆದು ಕೂಡಿಸಿ, ನಾನೇ ಓದಿ ಹೇಳಬೇಕು.