ಗೇಟಿನ ಮುಂದೆ ಎರಡು ಎಲೆ

ಬೆಳಗ್ಗೆ ಎಂಟಕ್ಕೆ ಮಲಯ್ ನಾಡಿನ ಸುಬಾಂಗ್ ಜಯಾ ಊರು ಬಿಟ್ಟಾಗ ಕಾರಿನಲ್ಲಿ ಮೂವರು ಮನುಷ್ಯರು, ಒಂದು ಅನ್ನದ ಡಬ್ಬಿ, ಒಂದು ಮೀನುಸಾರಿನ ಡಬ್ಬಿ, ಒಂದು ಸುರುಳಿ ಬಾಳೆಎಲೆ. ಜಿಲ್ಲೆ ದಾಟಲು ಅನುಮತಿ ಸಿಕ್ಕ ಮೊದಲ ವಾರವದು. ಹಿಂದೆ ಕೂತವರು ಪಕ್ಕದ ಮನೆಯ ತಮಿಳು ಅಜ್ಜಿ, ಎಂಬತ್ತು ದಾಟಿದ ಪಾಟಿ. ಕಾರು ಓಡಿಸುತ್ತಿದ್ದವನು ನನ್ನ ರೂಮ್‌ಮೇಟ್ ಮಿನ್‌ಹೋ, ಕೊರಿಯಾದವನು. ನಾನು ಮೈಸೂರಿನವ, ಕಂಡವರ ದನಿಯನ್ನೆಲ್ಲ ಅಣಕಿಸುವ ಚಟದವ, ಲಾಕ್‌ಡೌನಿನಲ್ಲಿ ಮನುಷ್ಯರು ಸಿಗದೆ ಫ್ರಿಜ್ಜಿನ ಗೊರಕೆ ಕಲಿತವ.

ಯುದ್ಧಕಾಲದಲ್ಲಿ ಜಪಾನಿನ ಸೈನ್ಯ ಪಾಟಿಯ ಅಪ್ಪನನ್ನು ರಬ್ಬರ್ ತೋಟದಿಂದ ಲಾರಿಗೆ ಹತ್ತಿಸಿ, ಸಯಾಂ–ಬರ್ಮಾ ರೈಲುದಾರಿ ಹಾಕಲು ಒಯ್ದಿತ್ತು. ಅವರು ಮರಳಲಿಲ್ಲ. ಪ್ರತಿವರ್ಷ ಆ ಲಾರಿ ಬಂದ ದಿನ ಪಾಟಿ ತೋಟಕ್ಕೆ ಹೋಗಿ ಅವರಿಗೆ ಬಡಿಸುತ್ತಾರೆ. ಹೋದ ವರ್ಷ ಕೊರೊನಾದಿಂದ ತಪ್ಪಿತ್ತು. "ಎರಡು ವರ್ಷ ಉಪವಾಸ ಕೆಡವಲಾ ಅವರನ್ನ?" ಎಂದು ನನ್ನನ್ನು ಹೊರಡಿಸಿದ್ದರು. ನನ್ನ ಹರಕು ತಮಿಳಿಗೆ ಅವರು ಹೊಂದಿಕೊಂಡಿದ್ದಾರೆ. ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ಕ್ಲಾಂಗ್ ಹತ್ತಿರ ಪೊಲೀಸ್ ತಡೆದ. ಎಲ್ಲಿಗೆ, ಯಾಕೆ?

"ನಮ್ಮಪ್ಪನನ್ನ ನೋಡೋಕೆ," ಎಂದರು ಪಾಟಿ, ಮಲಯ್ ಭಾಷೆಯಲ್ಲಿ.

ಆತ ಅವರ ನರೆಗೂದಲು ನೋಡಿದ, ನನ್ನನ್ನು ನೋಡಿದ, ಕೈಬೀಸಿ ಬಿಟ್ಟ. ಪಾಟಿಯ ತಮಾಷೆ ಎಂದುಕೊಂಡೆ. ಉತ್ಸಾಹದಲ್ಲಿ ಆ ಪೊಲೀಸನನ್ನು ಅಣಕಿಸಿದೆ, ಅದೇ ವೇಗದಲ್ಲಿ ಲಾರಿ ತಂದ ಜಪಾನಿ ಸೈನಿಕನಂತೆ ಗದರಿಯೂ ಬಿಟ್ಟೆ. ಮಿನ್‌ಹೋ ನಗಲಿಲ್ಲ.

"ತಪ್ಪು, ತಂಬಿ," ಎಂದರು ಪಾಟಿ. "ಅವನು ಗದರಲೇ ಇಲ್ಲವಂತೆ. ಅಮ್ಮ ಮಾಡಿ ತೋರಿಸೋಳು." ದನಿಗೆ ಬೆಲ್ಲ ಸವರಿಕೊಂಡರು: "ಮೂರೇ ತಿಂಗಳಪ್ಪ. ಅಕ್ಕಿ ಕೊಡ್ತೀವಿ. ರೈಲಲ್ಲೇ ಕೂರಿಸಿ ವಾಪಸ್ ಕಳಿಸ್ತೀವಿ."

ಆಮೇಲೆ ತೋಟದವರೆಗೂ ಯಾರನ್ನೂ ಅಣಕಿಸಲಿಲ್ಲ. ಅದೂ ನನ್ನ ಪಾಲಿಗೆ ಒಂದು ದಾಖಲೆ.

ರಬ್ಬರ್ ಹೋಗಿ ಈಗ ತಾಳೆ ಬಂದಿದೆ. ಬೇಲಿ, ಗೇಟು, ಮುಖಕ್ಕೆ ಪ್ಲಾಸ್ಟಿಕ್ ಪರದೆ ಹಾಕಿಕೊಂಡ ನೇಪಾಳಿ ಕಾವಲುಗಾರ.

"ಹೊರಗಿನವರನ್ನ ಬಿಡೋ ಹಾಗಿಲ್ಲ ಲಾ. ಕೊರೊನಾ." ಈ ದೇಶದವರ ಮಾತಿನ ಬಾಲ 'ಲಾ' ಅವನಿಗೂ ಅಂಟಿತ್ತು.

"ಲಾರಿ ನಿಂತಿದ್ದ ಜಾಗ ಒಳಗಿದೆ," ಎಂದರು ಪಾಟಿ.

"ಬಿಟ್ರೆ ನನ್ನ ಕೆಲಸ ಹೋಗುತ್ತೆ, ಅಜ್ಜಿ."

ಪಾಟಿ ಒಂದು ಗಳಿಗೆ ಗೇಟು ಹಿಡಿದು ನಿಂತರು. "ಸರಿ, ನನ್ನನ್ನ ಬಿಡಬೇಡ. ನಮ್ಮಪ್ಪನೇ ಹೊರಗೆ ಬರ್ತಾರೆ."

ಗೇಟಿನ ಮುಂದೆಯೇ ಟವೆಲ್ ಹಾಸಿ ಕೂತುಬಿಟ್ಟರು. ನಾನು ದೊಡ್ಡ ತಿಳಿದವನಂತೆ ಎಲೆಯನ್ನು ತಿಥಿಯೂಟಕ್ಕೆ ಹಾಕುವ ಹಾಗೆ ಕುಡಿ ಬಲಕ್ಕೆ ಮಾಡಿ ಹಾಸಿದೆ. ಮೊಣಕೈ ಮೇಲೆ ಫಟ್ಟೆಂದು ಬಿತ್ತು.

"ಸತ್ತರು ಅಂತ ನಿನಗ್ಯಾರು ಹೇಳಿದ್ರು? ಅಮ್ಮ ಕೊನೇವರೆಗೂ ತಾಳಿ ತೆಗೀಲಿಲ್ಲ. ಜೀವಂತ ಒಯ್ದವರು ತಂದು ಒಪ್ಪಿಸಲಿ, ಆಮೇಲೆ ತಿಥಿ. ತಿರುಗಿಸು."

ತಿರುಗಿಸಿದೆ. ಕುಡಿ ಎಡಕ್ಕೆ, ಬದುಕಿದವರಿಗೆ ಹಾಕುವಂತೆ. ಅನ್ನದ ಮೇಲೆ ಬಿಸಿ ಆರದ ಮೀನುಸಾರು ಬಿತ್ತು.

ಅಷ್ಟರಲ್ಲಿ ಮಿನ್‌ಹೋ ಇಂಗ್ಲಿಷಿನಲ್ಲಿ, ನೆಲ ನೋಡುತ್ತಾ ಹೇಳಿದ: "ನಮ್ಮ ಮುತ್ತಜ್ಜನನ್ನೂ ಒಯ್ದರು. ಜಪಾನಿನ ಕಲ್ಲಿದ್ದಲ ಗಣಿಗೆ. ಸತ್ತ ದಿನ ಗೊತ್ತಿಲ್ಲ. ಅದಕ್ಕೆ ಮನೇಲಿ ಅವರಿಗೆ ಅಂತ ಏನೂ ಬಡಿಸಲ್ಲ."

ಯಾರ ದನಿಯನ್ನೂ ಅಣಕಿಸದೆ ಅದನ್ನು ಪಾಟಿಗೆ ದಾಟಿಸಿದೆ.

"ಮೀನು ತಿಂತಾರಾ ಅವರು?" ಪಾಟಿ ಕೇಳಿದರು.

"ತಿಂತಾರೆ. ಖಾರ ಎಷ್ಟಿದ್ರೂ ತಿಂತಾರೆ." ಮಿನ್‌ಹೋನ ಉತ್ತರವನ್ನೂ ಹಾಗೇ ದಾಟಿಸಿದೆ.

"ಮತ್ತೆ ಏನು ನೋಡ್ತೀಯ, ತಂಬಿ? ಇನ್ನೊಂದು ಎಲೆ ಹಾಕು."

ಹಾಕಿದೆ. ಕುಡಿ ಎಡಕ್ಕೇ. ಈ ಸಲ ಯಾರೂ ಹೊಡೆಯಲಿಲ್ಲ. ಮಿನ್‌ಹೋ ತಾನೇ ಬಡಿಸಿ, ಮಾಸ್ಕು ಸರಿಸದೆ, ಹಣೆ ನೆಲಕ್ಕೆ ತಾಗಿಸಿದ.

ಕಾವಲುಗಾರ ಗಡಿಯಾರ ನೋಡಿಕೊಂಡ. "ಸೂಪರ್‌ವೈಸರ್ ಬರೋ ಹೊತ್ತು. ಏಳಿ, ಅಜ್ಜಿ."

"ಇಬ್ಬರು ಊಟಕ್ಕೆ ಕೂತಿದ್ದಾರೆ," ಎಂದರು ಪಾಟಿ. "ಅವರು ಕೈ ತೊಳೆದ ಮೇಲೆ ಏಳ್ತೀನಿ. ಅವನು ಬಂದ್ರೆ ಅವನಿಗೂ ಎಲೆ ಇದೆ."

ಸೂಪರ್‌ವೈಸರ್ ಬರಲಿಲ್ಲ. ಬಿಸಿಲು ನೆತ್ತಿಗೇರಿದ ಮೇಲೆಯೇ ಪಾಟಿ ಎದ್ದದ್ದು. ಕಾರು ತಿರುವಿನಲ್ಲಿ ಹೊರಳುವಾಗ ಕನ್ನಡಿಯಲ್ಲಿ ನೋಡಿದೆ: ಕಾವಲುಗಾರ ಕೋಲು ಹಿಡಿದು, ಎಲೆಗಳತ್ತ ಬರುತ್ತಿದ್ದ ನಾಯಿಯನ್ನು ಓಡಿಸುತ್ತಿದ್ದ.