ಎಲ್ಮೆ ಹೊಳೆಯ ಎರಡು ದಡ

ಹಾರ್ಟನ್‌ವಾಲ್ಡ್ ಸೀಮೆಯನ್ನು ಮೂವತ್ತು ವರ್ಷ ಆಳಿದ ದೊರೆ ಎಬರ್ವಿನ್ ಅವರು ಬೇಸಿಗೆಯ ಕೊಯ್ಲು ಮುಗಿಯುವ ಇದೇ ಮಿಕಾಯೆಲ್ ಹಬ್ಬದಂದು ಅಧಿಕಾರವನ್ನು ಮಕ್ಕಳಿಗೊಪ್ಪಿಸಿ ಮಠದ ತೋಟದ ಮನೆಗೆ ಹೊರಟು ನಿಂತಿದ್ದಾರೆ. ದಂಡೆತ್ತಿ ಹೋಗಿ ಹೆಸರಾದ ಅರಸರ ನಡುವೆ, ತಮ್ಮ ಕೈಯಿಂದ ಆದ ತಪ್ಪು ಮಕ್ಕಳ ಕೈಯಲ್ಲಿ ಮರುಕಳಿಸದಂತೆ ನೋಡಿಕೊಂಡ ಹಿರಿಮೆ ಅವರದು.

ಅಣ್ಣ ನೆಲವನ್ನು ಪಾಲು ಮಾಡಬೇಕು, ತಮ್ಮ ತನಗೆ ಬೇಕಾದ ಪಾಲನ್ನು ಆರಿಸಿಕೊಳ್ಳಬೇಕು ಎಂಬುದು ನಮ್ಮ ಸೀಮೆಯ ಕಟ್ಟಳೆ. ತಂದೆ ತೀರಿಕೊಂಡಾಗ ತರುಣ ಎಬರ್ವಿನ್, ಮೋಸವೆಂದು ಯಾರೂ ಬೆರಳು ತೋರಿಸದಿರಲೆಂದು, ಹೊಲಕ್ಕೆ ಹೊಲ ಕಾಡಿಗೆ ಕಾಡು ತೂಗಿ ಎಲ್ಮೆ ಹೊಳೆಯನ್ನೇ ಎಲ್ಲೆ ಮಾಡಿದರು. ತಮ್ಮ ಡೀಟ್ಮಾರ್ ಪಡುವಣ ದಡವನ್ನು ಆರಿಸಿಕೊಂಡರು. ಹಿಟ್ಟಿನ ಗಿರಣಿ ಆ ದಡದಲ್ಲಿ, ಊರಿಗೆಲ್ಲ ರೊಟ್ಟಿ ಸುಡುವ ದೊಡ್ಡ ಒಲೆ ಈ ದಡದಲ್ಲಿ ಎಂಬುದು ಹೊಳೆದದ್ದು ಆಮೇಲೆ. ಹಿಟ್ಟಿನ ಗಾಡಿಗಳು ಸೇತುವೆಯ ಮೇಲೆ ಸುಂಕದವನಿಗಾಗಿ ಮಳೆಯಲ್ಲೇ ಕಾದು ನಿಂತವು. ಅಣ್ಣತಮ್ಮಂದಿರ ಮಾತು ನಿಂತಿತು.

ಮಕ್ಕಳಿಲ್ಲದ ಡೀಟ್ಮಾರ್ ತೀರಿಕೊಂಡು ಸೀಮೆ ಮತ್ತೆ ಒಂದಾದಾಗ, ಒಲೆ ನೋಡಿಕೊಳ್ಳುವ ಗೆರ್ಲಿಂದ್ ಮಣ್ಣು ಮಾಡುವ ಜಾಗದಲ್ಲೇ ದೊರೆಗಳ ಮುಂದೆ ನಿಂತಳು.

“ಬುದ್ಧಿ, ನಿಮ್ಮ ನ್ಯಾಯ ಭಾಳ ಚೆನ್ನಾಗಿತ್ತು. ನಮ್ಮ ಹಿಟ್ಟು ಮಾತ್ರ ಒಲೆಗೆ ಬರೋ ಮುಂಚೇನೇ ಗಂಟು ಕಟ್ಟೋದು.”

ದೊರೆಗಳು ಕೋಪಿಸಿಕೊಳ್ಳಲಿಲ್ಲ. ಸುಂಕದ ಅಡ್ಡಮರವನ್ನು ಕಡಿಸಿ ಆಕೆಯ ಒಲೆಗೇ ಸೌದೆಯಾಗಿ ಕಳಿಸಿದರು. ತಮ್ಮನನ್ನು ಕರೆದು ಮಾತಾಡಿಸುವ ಅವಕಾಶ ಮಾತ್ರ ಕೈತಪ್ಪಿತ್ತು.

ಈ ಸಲ ಹಿರಿಯ ಮಗ ರೂಡಿಗರ್ ಎಲ್ಲೆಗಲ್ಲುಗಳನ್ನು ಗಾಡಿಯಲ್ಲಿ ಹೇರಿಸಿಕೊಂಡೇ ಬಂದ.

“ಅಪ್ಪಾಜಿ, ಕಲ್ಲು ನೆಡೋಕೆ ಅಪ್ಪಣೆ ಕೊಡಿ. ಪಾಲು ಸಮ ಇದೆ.”

“ಅಣ್ಣ ಸಮ ಅಂದ್ರೇನೇ ನಂಗೆ ಭಯ,” ಎಂದ ಕಿರಿಯವನಾದ ಹೈಮೊ. “ಹಿಂಗೇ ಅಂದು ಸೇಬು ಹೆಚ್ಚಿದ್ದ. ಹುಳ ನನ್ನ ಪಾಲಿಗೆ ಬಂತು.”

“ಆರಿಸ್ಕೊಂಡಿದ್ದು ನೀನೇ ಕಣೋ.”

ಮಕ್ಕಳ ಜಗಳ ಬಿಡಿಸಿ ದಣಿದ ಹೆತ್ತವರಿಗೆಲ್ಲ ಗೊತ್ತು, ನಗು ಬಂದರೂ ಅಲ್ಲಿ ನಗುವಂತಿಲ್ಲ. ಹೊಳೆಯ ನಡುವೆ ಇನ್ನೊಮ್ಮೆ ಎಲ್ಲೆ ಬೀಳುವುದರಲ್ಲಿತ್ತು.

“ಕಟ್ಟಳೆ ಮುರಿಯೋದು ಬೇಡ,” ಎಂದರು ದೊರೆಗಳು. “ಪಾಲು ಮಾಡು ಮಗಾ. ನೆಲ ಬಿಡು, ವರ್ಷಾನ ಪಾಲು ಮಾಡು. ಒಂದು ಪಾಲು ನೀನು ಆಳು, ಇನ್ನೊಂದು ಅವನು ಆಳ್ಲಿ.”

ರೂಡಿಗರ್ ಬಹಳ ಹೊತ್ತು ಯೋಚಿಸಿ, ಈಸ್ಟರಿನಿಂದ ಮಿಕಾಯೆಲ್ ಹಬ್ಬದವರೆಗೆ ಒಂದು ಪಾಲು, ಅಲ್ಲಿಂದ ಈಸ್ಟರಿನವರೆಗೆ ಇನ್ನೊಂದು ಎಂದ. ಕೊಯ್ಲೂ ಸಂಭ್ರಮವೂ ಬೇಸಿಗೆಯಲ್ಲಿ. ಹಿಮ, ತೋಳ, ಹಸಿವು ಚಳಿಗಾಲದಲ್ಲಿ. ತಮ್ಮ ಯಾವುದನ್ನು ಆರಿಸುತ್ತಾನೆಂದು ಯಾರೂ ಕೇಳಬೇಕಾಗಿರಲಿಲ್ಲ.

“ಚಳಿಗಾಲ ನಂಗಿರ್ಲಿ,” ಎಂದ ಹೈಮೊ.

“ತಲೆ ಕೆಟ್ಟಿದೆಯೇನೋ?”

“ನೀನು ತುಂಬಿಸಿದ ಕಣಜದಿಂದ ನಾನು ಊರಿಗೆ ಉಣ್ಣಕ್ಕಿಡ್ತೀನಿ. ನಾನು ಉಳಿಸಿದ ಬೀಜ ನೀನು ಬಿತ್ತಬೇಕು. ಇನ್ಮೇಲೆ ಮಾತು ಬಿಟ್ರೆ ಇಬ್ಬರೂ ಉಪವಾಸ, ಅಣ್ಣ.”

ದೊರೆಗಳು ಎದ್ದು ಕಿಟಕಿಯ ಬಳಿಗೆ ಹೋಗಿ, ಪಡುವಣ ದಡವನ್ನು ನೋಡಿದರು. ರೂಡಿಗರ್ ಹೇರಿಸಿ ತಂದ ಎಲ್ಲೆಗಲ್ಲುಗಳು ಈಗ ಸೇತುವೆಯ ಬುಡಕ್ಕೆ ಆಸರೆಯಾಗಿವೆ.

ಪೂಜ್ಯ ಎಬರ್ವಿನ್ ಅವರಿಗೆ ದೀರ್ಘಾಯುಸ್ಸು, ಆರೋಗ್ಯಗಳು ಲಭಿಸಲಿ. ಮಠದ ತೋಟದಲ್ಲಿ ಅವರು ಕಸಿ ಮಾಡಬೇಕೆಂದಿರುವ ಪಿಯರ್ ಮರಗಳ ಹಣ್ಣನ್ನು ಅವರೇ ತಿನ್ನುವಂತಾಗಲಿ. ಪಡುವಣ ದಡದ ಹಿಟ್ಟಿನಿಂದ ಮೂಡಣ ದಡದಲ್ಲಿ ಸುಟ್ಟ ರೊಟ್ಟಿ, ದಾರಿಯಲ್ಲಿ ಎಲ್ಲೂ ನಿಲ್ಲದೆ, ಬಿಸಿಯಾರುವ ಮೊದಲೇ ಅವರ ತಟ್ಟೆಗೆ ಬೀಳಲಿ.