ಕೊನೆಯ ಇಪ್ಪತ್ತು ಪುಟ

ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ಪುಸ್ತಕದಂಗಡಿಯೊಂದರಲ್ಲಿ ತಿಂಗಳಿಗೊಂದು ಕಾದಂಬರಿಯ ಚರ್ಚೆ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವನು ನಾನು; ಪೂರ್ತಿ ಓದದವರು ಮಾತಾಡಬಾರದೆಂಬ ನಿಯಮವೂ ನನ್ನದೇ. ಒಮ್ಮೆ ಸೀರೆ ನೇಯುವ ಶಂಕ್ರವ್ವ ಮಾತಿಗೆ ಎದ್ದಳು.

“ಓದೀರೇನು?” ಎಂದೆ.

“ನನಗ ಓದಾಕ ಬರೂದಿಲ್ರೀ ಸಾಹೇಬ್ರ. ನಾ ನೇಯೂ ಮುಂದ ಮಗಳು ಓದಿ ಹೇಳ್ಯಾಳ.”

“ಕೇಳಿದ್ದು ಓದಿದಂತಲ್ಲ. ಕೂಡ್ರಿ.”

“ಆತ್ರೀ, ನೀವ ಹೇಳ್ರಿ. ಕತಿಯೊಳಗ ಸೊಸಿ ಕಡೀಕ ಮನಿ ಕೀಲಿಕೈ ತಿರುಗಿ ಯಾಕ ಕೊಟ್ಲು? ಎಂಟು ದಿನಾತು, ತಲಿಯೊಳಗ ಅದ ತಿರುಗಾಕ ಹತ್ತೇತಿ.”

ಸೊಸೆ ಕೀಲಿಕೈ ಕೊಟ್ಟಿದ್ದೇ ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಕಲಿತವನಿಗೆ ಕನ್ನಡದ ಓದು ನಿಧಾನ. ಕೊನೆಯ ಇಪ್ಪತ್ತು ಪುಟ ಉಳಿದಿದ್ದವು. ಸುಳ್ಳು ಹೇಳಲಾರದೆ ಹಾಗೆಂದು ಒಪ್ಪಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕುಳಿತೆ. ಅಂಗಡಿಯವರು ಶಂಕ್ರವ್ವನಿಗೇ ಮಾತಾಡಲು ಹೇಳಿದರು. ಅರ್ಧ ತಾಸು ಎಲ್ಲರೂ ಕೇಳಿದೆವು.

ಮನೆಗೆ ಹೋಗಿ ಆ ಇಪ್ಪತ್ತು ಪುಟ ಓದಿದೆ, ಆಕೆ ಹೇಳಿದ್ದರಲ್ಲಿ ತಪ್ಪು ಸಿಗಬಹುದೆಂದು. ಒಂದೂ ಸಿಗಲಿಲ್ಲ.